ಗುಂಡು ಎಲ್ಲಿ ಕೂತಿದೆ?

ಎಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಇದೆಯಲ್ಲ, 2017ರಲ್ಲಿ ಜೋಡಿ ಹಳಿಗೆ ಅಡ್ಡ ಬರುತ್ತದೆ ಅಂತ ಇಡೀ ಕಟ್ಟಡವನ್ನೇ ಕೆಡವದೆ ಆಚೆ ಸರಿಸಿದರು. ಮಂಡ್ಯದವರಿಗೆ ಅದು ಗೊತ್ತೇ ಇದೆ. ಆ ಕಾಲದ ಕೋವಿಗೆ ಬಾಯಿಯಿಂದಲೇ ಮದ್ದು ಸುರಿದು, ಗುಂಡು ಹಾಕಿ, ಕೋಲಿನಿಂದ ಗಿಡಿಯಬೇಕಿತ್ತು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಕೆಯೇ ಸಿಡಿಯಬಹುದು. ಒಳಗೆ ಇಣುಕಿ ನೋಡಲು ಆಗುವುದಿಲ್ಲ. ಅದಕ್ಕೇ ಇಂಥ ಕೋವಿ ಬಳಸುವವರು ಕೋಲಿನ ಮೇಲೆ ಒಂದು ಗೆರೆ ಕೊರೆದಿಡುತ್ತಾರೆ. ಗೆರೆ ಕೋವಿಯ ಬಾಯಿಗೆ ಸಮ ಬಂತು ಅಂದರೆ ಗುಂಡು ಸರಿಯಾಗಿ ಕೂತಿದೆ.

ಇಂದಿನ ರೈಫಲ್ ತೋಟಾದಲ್ಲೂ ಪ್ರಶ್ನೆ ಅದೇ. ಹಿತ್ತಾಳೆ ಕೇಸಿನೊಳಗೆ ಗುಂಡು ಎಷ್ಟು ಆಳಕ್ಕೆ ಇಳಿದಿದೆ? ಜಾಸ್ತಿ ಇಳಿದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರಬಹುದು. ತೀರಾ ಹೊರಗಿದ್ದು ಬ್ಯಾರಲ್ ಒಳಗಿನ ತಿರುಪಿನ ಏಣುಗಳಿಗೆ ಒತ್ತಿ ಕೂತರೂ ಒತ್ತಡ ಏರುತ್ತದೆ.

ನಾನು ಟೂಲ್ ರೂಮಿನಲ್ಲಿ ಅಳತೆ ಕೆಲಸ ಮಾಡಿದವನು. ಲೈಸೆನ್ಸ್ ಇರುವ ಶೂಟರ್ ಒಬ್ಬರು ಒಮ್ಮೆ ಹತ್ತು ಡಮ್ಮಿ ತೋಟಾ ತಂದುಕೊಟ್ಟರು. ಮದ್ದೂ ಇಲ್ಲ, ಮದ್ದಿಗೆ ಕಿಡಿ ಕೊಡುವ ಕ್ಯಾಪೂ ಇಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ಬುಡದಿಂದ ತುದಿಯವರೆಗೆ ಅಳೆದೆ. ಹತ್ತಕ್ಕೆ ಹತ್ತೂ ಬೇರೆ ಬೇರೆ ಉದ್ದ. ಗುಂಡನ್ನು ಕೇಸಿನೊಳಗೆ ಒತ್ತಿ ಕೂರಿಸುವ ಅವರ ಡೈ ಸರಿಯಿಲ್ಲ ಅಂತ ಹೇಳಿ, ಪ್ರತಿ ತೋಟಾಕ್ಕೂ ಅದನ್ನು ತಿರುಗಿಸಿ ತಿರುಗಿಸಿ ಹೊಂದಿಸಿಕೊಟ್ಟೆ. ಡೈ ಸರಿಯಾಗಿಯೇ ಇತ್ತು. ಕೆಡಿಸಿದ್ದು ನಾನು. ಆ ತಪ್ಪು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಯಾಕೆ ಹಾಗಾಯಿತು? ಬುಗುರಿ ನೆನಪಿಸಿಕೊಳ್ಳಿ. ಒಂದು ಬಳೆಯೊಳಗೆ ಬುಗುರಿ ಇಳಿಸಿದರೆ ಅದರ ಹೊಟ್ಟೆ ಬಳೆಗೆ ತಾಗಿದಲ್ಲಿ ನಿಲ್ಲುತ್ತದೆ. ಕೆಳಗಿನ ಮೊಳೆ ಸವೆದಿದೆಯೋ ಹೊಸದೋ, ಬಳೆಗೆ ಅದರ ಹಂಗಿಲ್ಲ. ಗುಂಡಿನ ತುದಿಯೂ ಆ ಮೊಳೆಯಂತೆ. ಒಂದೇ ಡಬ್ಬಿಯ ಗುಂಡುಗಳಲ್ಲೂ ತುದಿ ಚೂರು ಹೆಚ್ಚುಕಮ್ಮಿ ಇರುತ್ತದೆ. ತುದಿಯಲ್ಲಿ ತೂತಿರುವ, ಸ್ಪರ್ಧೆಗೆ ಬಳಸುವ ಮ್ಯಾಚ್ ಗುಂಡುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆದರೆ ಬ್ಯಾರಲ್ಲಿನ ಏಣುಗಳಿಗೆ ತಾಗುವುದು ತುದಿಯಲ್ಲ, ಹೊಟ್ಟೆ. ಕೂರಿಸುವ ಡೈ ಕೂಡ ತುದಿಯನ್ನು ಬಿಟ್ಟು ಕೆಳಗಿನ ಇಳಿಜಾರನ್ನೇ ಒತ್ತುತ್ತದೆ.

ಹಾಗಾಗಿ ಕ್ಯಾಲಿಪರಿನ ದವಡೆಗೆ ತೂತಿರುವ ಒಂದು ಚಿಕ್ಕ ಬುಷ್ ಸಿಕ್ಕಿಸುತ್ತಾರೆ. ಕಂಪ್ಯಾರೇಟರ್ ಅನ್ನುತ್ತಾರೆ. ಅದೇ ನಮ್ಮ ಬಳೆ. ಒಬ್ಬರ ಬುಷ್ಷಿನ ಲೆಕ್ಕ ಇನ್ನೊಬ್ಬರ ಬುಷ್ಷಿಗೆ ಹೊಂದುವುದಿಲ್ಲ, ಅವರ ಅಂಕಿ ಕೇಳಿ ಬರೆದುಕೊಳ್ಳಬೇಡಿ. ಪೂರ್ತಿ ಉದ್ದವನ್ನೂ ಬಿಡುವಂತಿಲ್ಲ, ತೋಟಾ ತುಂಬುವ ಮ್ಯಾಗಜೀನ್‌ನಲ್ಲಿ ಅದು ಹಿಡಿಸಬೇಕಲ್ವಾ. 308 ವಿಂಚೆಸ್ಟರ್ ಅನ್ನುವ ರೈಫಲ್ ತೋಟಾಕ್ಕೆ ಅಮೆರಿಕದ ಮಾನದಂಡ ಹೇಳುವ ಗರಿಷ್ಠ ಉದ್ದ 2.810 ಇಂಚು, ಸುಮಾರು 71.4 ಮಿ.ಮೀ.

ಇನ್ನು ಏಣು ಎಲ್ಲಿ ಶುರುವಾಗುತ್ತದೆ? ಇಲ್ಲಿ ಆ ಹಳೆಯ ಕೋಲು ಮತ್ತೆ ಬರುತ್ತದೆ. ರೈಫಲ್ ಖಾಲಿ ಇದೆ ಎಂದು ಎರಡು ಸಲ ನೋಡಿ, ಬ್ಯಾರಲ್ಲಿನ ಹಿಂಬದಿ ಮುಚ್ಚುವ ಬೋಲ್ಟ್ ಹಾಕಿ. ಬಾಯಿಯಿಂದ ಸಪಾಟು ತುದಿಯ ಸರಳು ಇಳಿಸಿ, ಬೋಲ್ಟಿಗೆ ತಾಗಿದಾಗ ಒಂದು ಗೆರೆ ಹಾಕಿ. ಬೋಲ್ಟ್ ತೆಗೆದು, ಬರೀ ಗುಂಡೊಂದನ್ನು ಹಿಂದಿನಿಂದ ಕಡ್ಡಿಯಲ್ಲಿ ಮೆಲ್ಲಗೆ ತಳ್ಳಿ, ಅದು ನಿಂತ ಕಡೆ ಹಿಡಿದುಕೊಳ್ಳಿ. ಸರಳು ಗುಂಡಿನ ತುದಿಗೆ ತಾಗಿದಾಗ ಎರಡನೇ ಗೆರೆ. ಎರಡು ಗೆರೆಗಳ ನಡುವಿನ ದೂರವೇ ಏಣುಗಳಿಗೆ ತಾಗುವ ತೋಟಾದ ಉದ್ದ. ಆದರೆ ಅದು ಆ ಒಂದು ಗುಂಡಿಗೆ ಮಾತ್ರ. ಅದೇ ಗುಂಡನ್ನು ಡಮ್ಮಿಯಲ್ಲಿ ಅಷ್ಟೇ ಉದ್ದಕ್ಕೆ ಕೂರಿಸಿ ಬುಷ್ಷಿನಲ್ಲಿ ಅಳೆದರೆ, ಆ ಬಗೆಯ ಎಲ್ಲ ಗುಂಡಿಗೂ ನಡೆಯುವ ಅಳತೆ ಸಿಗುತ್ತದೆ. ಜೋರಾಗಿ ತಳ್ಳಿದರೆ ಗುಂಡು ಏಣಿನೊಳಗೆ ಕಚ್ಚಿಕೊಂಡು ಲೆಕ್ಕ ತಪ್ಪುತ್ತದೆ. ಐದಾರು ಸಲ ಮಾಡಿ ನೋಡಿ.

ಒಂದು ಮಾತು ಖಡಾಖಂಡಿತ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ನಾನು ತಂದಿರುವುದೆಲ್ಲ ಡಮ್ಮಿ.

ಮೇಜಿನ ಮೇಲೆ ಐದು ಇವೆ, ಪಕ್ಕದಲ್ಲೇ ಬುಷ್ ಮತ್ತು ಕ್ಯಾಲಿಪರ್. ಮೊದಲು ತುದಿಯಿಂದ ಅಳೆಯಿರಿ, ಆಮೇಲೆ ಹೊಟ್ಟೆಯಿಂದ. ಎರಡೂ ಅಂಕಿ ಬೋರ್ಡಿನ ಮೇಲೆ ಬರೆಯಿರಿ. ಮುಂದಿನ ಸಾಲಿನವರು ಬನ್ನಿ.