ಉತ್ತರ ಸರಿ ಇದೆ, ದಾರಿ ಸರಿ ಇದೆಯಾ?

ಗಣಿತ ಕಲಿಸುವ ನಿಮಗೆಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದೇನೆ, ನೋಡಿ.

(ಯಾ − 3)(ಯಾ − 4) = 2

ಎಕ್ಸ್ ಬದಲು ‘ಯಾ’ ಹಾಕಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಇದನ್ನು ಹೀಗೆ ಬಿಡಿಸಿದಳು ಅಂದುಕೊಳ್ಳಿ. “ಯಾ − 3 = 2, ಆದ್ದರಿಂದ ಯಾ = 5. ಯಾ − 4 = 1, ಆದ್ದರಿಂದ ಯಾ = 5. ಎರಡು ಕಡೆಯೂ 5 ಬಂತು. ಉತ್ತರ 5.” ತಾಳೆ ನೋಡೋಣ. 5ರಲ್ಲಿ 3 ಕಳೆದರೆ 2. 5ರಲ್ಲಿ 4 ಕಳೆದರೆ 1. ಎರಡೊಂದ್ಲಿ ಎರಡು. ಸರಿ ಇದೆ, ಅಲ್ವಾ?

ಈಗ ಅವಳಿಗೆ ಎಷ್ಟು ಅಂಕ ಕೊಡುತ್ತೀರಿ? ಅದಕ್ಕಿಂತ ಮುಖ್ಯವಾಗಿ, ಏನು ಹೇಳುತ್ತೀರಿ?

ಈ ಸಮೀಕರಣ ಬಿಡಿಸೋದು ನಿಮಗೆ ಕಷ್ಟವಲ್ಲ. ಆವರಣ ಬಿಡಿಸಿ, ಪಕ್ಷಾಂತರ ಮಾಡಿ, ಅಪವರ್ತಿಸಿದರೆ 5 ಮತ್ತು 2 ಎರಡೂ ಸಿಗುತ್ತವೆ. ಆದರೆ ಆ ಹುಡುಗಿಗೆ ಉತ್ತರ ಕೊಡಲು ಇಷ್ಟೇ ಸಾಲದು. ಬಲಭಾಗದಲ್ಲಿ ಸೊನ್ನೆ ಇದ್ದಾಗ ನಾವೇ ಅವಳಿಗೆ ಹೀಗೆ ಬೇರೆ ಬೇರೆ ಮಾಡಲು ಕಲಿಸಿದ್ದೇವೆ. ಅವಳು ಅದನ್ನೇ ಮಾಡಿದ್ದಾಳೆ. ಸೊನ್ನೆಗೆ ನಡೆಯುವುದು 2ಕ್ಕೆ ಯಾಕೆ ನಡೆಯಲ್ಲ? ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದು ಸೊನ್ನೆಯಾಗಲೇಬೇಕು. ಗುಣಲಬ್ಧ 2 ಬರಲು ಲೆಕ್ಕವಿಲ್ಲದಷ್ಟು ದಾರಿಗಳಿವೆ. 2 ಮತ್ತು 1, ಅರ್ಧ ಮತ್ತು 4, −1 ಮತ್ತು −2. ಅವಳ ಕೈ ತಪ್ಪಿದ ಎರಡನೇ ಉತ್ತರ ಆ ಕೊನೆಯ ಜೋಡಿಯಲ್ಲೇ ಇದೆ. ಇದನ್ನು ಬೋಧನಾ ಕೌಶಲ ಅಂತ ಪಕ್ಕಕ್ಕೆ ಇಡಬೇಡಿ. ಇದು ಗಣಿತವೇ. ಆದರೆ ಪಾಠ ಮಾಡುವವರಿಗೆ ಮಾತ್ರ ದಿನಾ ಬೇಕಾಗುವ ಗಣಿತ. ಇದನ್ನು ಅಳೆಯೋದು ಹೇಗೆ ಅನ್ನೋದೇ ಇವತ್ತಿನ ಮಾತು.

ಶಿಕ್ಷಕರಿಗೆ ಪರೀಕ್ಷೆ ಹೊಸದೇನಲ್ಲ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರ ಪ್ರಬಂಧವೊಂದರಲ್ಲಿ, 1875ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಶಿಕ್ಷಕರಿಗೆ ನಡೆಸಿದ ಪರೀಕ್ಷೆಯನ್ನು ತೆಗೆದು ತೋರಿಸಿದರು. ಒಟ್ಟು 1000 ಅಂಕ. ಅದರಲ್ಲಿ ಬೋಧನೆಗೆ 50. ಉಳಿದಿದ್ದೆಲ್ಲ ಹೆಚ್ಚುಕಡಿಮೆ ವಿಷಯಜ್ಞಾನವೇ. ನೂರು ವರ್ಷ ಕಳೆಯುವಷ್ಟರಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತ್ತು. ತರಗತಿ ನಿರ್ವಹಣೆ, ಪಾಠಯೋಜನೆ ಇಂಥವೇ ಮುಂದೆ ಬಂದಿದ್ದವು. ವಿಷಯವೂ ಬೋಧನೆಯೂ ಒಂದಾಗುವ ಜಾಗವನ್ನು ಯಾರೂ ನೋಡುತ್ತಿಲ್ಲ ಎಂದರು ಶುಲ್ಮನ್.

ಹಾಗಾದರೆ ಹೆಚ್ಚು ಗಣಿತ ಓದಿದವರು ಚೆನ್ನಾಗಿ ಕಲಿಸುತ್ತಾರಾ? ಅಮೆರಿಕದ ಗಣಿತಜ್ಞ ಎಡ್ವರ್ಡ್ ಬೆಗಲ್ ಇದನ್ನು ಬೀಜಗಣಿತ ಶಿಕ್ಷಕರಲ್ಲೇ ಪರೀಕ್ಷಿಸಿ 1972ರಲ್ಲಿ ವರದಿ ಕೊಟ್ಟರು. ಶಿಕ್ಷಕರ ಕಾಲೇಜು ಮಟ್ಟದ ಬೀಜಗಣಿತಕ್ಕೂ ಮಕ್ಕಳ ಕಲಿಕೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಇದನ್ನು ಓದಿ ‘ಡಿಗ್ರಿ ಗಣಿತ ಬೇಡ’ ಅಂದುಬಿಡಬೇಡಿ. ಗಡಿಯಾರದ ಲೆಕ್ಕ ನೋಡಿ. ಅಲ್ಲಿ 12 ಅಂದರೆ ಮತ್ತೆ ಸೊನ್ನೆ. ಹಾಗಾಗಿ 3 ಗುಣಿಸು 4 ಅಂದರೂ ಸೊನ್ನೆ. ಎರಡರಲ್ಲಿ ಯಾವುದೂ ಸೊನ್ನೆಯಲ್ಲ! ಅಂದರೆ ನಾವು ಹತ್ತನೇ ತರಗತಿಯಲ್ಲಿ ನೆಚ್ಚಿಕೊಂಡಿರುವ ಸೊನ್ನೆಯ ನಿಯಮ ಎಲ್ಲ ಕಡೆಯೂ ನಡೆಯುವಂಥದ್ದಲ್ಲ. ಕಾಲೇಜಿನಲ್ಲಿ ಇದನ್ನು ಓದಿದವರಿಗೆ ಹುಡುಗಿಯ ತಪ್ಪು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಆದರೆ ಆ ಎರಡನ್ನೂ ಯಾರಾದರೂ ಜೋಡಿಸಿ ತೋರಿಸಿರಬೇಕು.

ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರೇವನ್ ಮೆಕ್ರೋರಿ, ರಾಬರ್ಟ್ ಫ್ಲೋಡೆನ್ ಮತ್ತು ಸಂಗಡಿಗರು ಬೀಜಗಣಿತ ಕಲಿಸುವವರ ಜ್ಞಾನವನ್ನು ಅಳೆಯಲೆಂದೇ ಪ್ರಶ್ನೆಪತ್ರಿಕೆ ಮಾಡಿದರು. ಅದರ ಹಿಂದಿನ ಚೌಕಟ್ಟನ್ನು 2012ರಲ್ಲಿ ಪ್ರಕಟಿಸಿದರು. ಅವರು ಮೂರು ಬಗೆಯ ಜ್ಞಾನ ಹೇಳುತ್ತಾರೆ: ಶಾಲೆಯ ಬೀಜಗಣಿತ, ಅದಕ್ಕಿಂತ ಮೇಲಿನ ಹಂತದ ಗಣಿತ, ಮತ್ತು ಕಲಿಸಲು ಬೇಕಾದ ಗಣಿತ. ನನಗೆ ಹೆಚ್ಚು ಹಿಡಿಸಿದ್ದು ಶಿಕ್ಷಕರು ಮಾಡುವ ಮೂರು ಕೆಲಸಗಳನ್ನು ಅವರು ಗುರುತಿಸಿದ ರೀತಿ. ನನ್ನ ಮಾತಲ್ಲಿ ಹೇಳೋದಾದರೆ, ಗಂಟು ಬಿಚ್ಚೋದು (ನಮಗೆ ರೂಢಿಯಾದ ಹೆಜ್ಜೆಯ ಹಿಂದಿನ ಕಾರಣ ಬಿಡಿಸಿ ತೋರಿಸೋದು), ಹದಕ್ಕೆ ಕತ್ತರಿಸೋದು (ತಿರುಳು ಉಳಿಸಿ ಮಕ್ಕಳ ಮಟ್ಟಕ್ಕೆ ಸರಳ ಮಾಡೋದು), ಒಂದು ಪಾಠದಿಂದ ಇನ್ನೊಂದಕ್ಕೆ ಸೇತುವೆ ಹಾಕೋದು.

ಕತ್ತರಿಸೋದು ಅಂದೆ. ಇಲ್ಲಿ ನನ್ನದೇ ತರಗತಿಯ ನೆನಪು ಬರುತ್ತದೆ. ಮಕ್ಕಳು 2ಎ + 3ಬಿ = 5ಎಬಿ ಅಂತ ಬರೆಯುತ್ತಿದ್ದರು. “ಎ ಅಂದರೆ ಆಪಲ್, ಬಿ ಅಂದರೆ ಬನಾನಾ. ಎರಡನ್ನೂ ಕೂಡಿಸೋಕೆ ಆಗುತ್ತಾ?” ಅಂತ ಕೇಳುತ್ತಿದ್ದೆ. ತಕ್ಷಣ ಅರ್ಥವಾಗುತ್ತಿತ್ತು. ವಿಜಾತಿ ಪದಗಳ ಪಾಠ ಒಂದೇ ಪೀರಿಯಡ್‌ನಲ್ಲಿ ಮುಗಿಯುತ್ತಿತ್ತು. ಮುಂದಿನ ವಾರ ಗುಣಾಕಾರ. 2ಎ ಗುಣಿಸು 3ಬಿ, ಉತ್ತರ 6ಎಬಿ. ಒಬ್ಬ ಹುಡುಗ ಎದ್ದು, “ಸರ್, ಆಪಲ್‌ನ ಬನಾನಾದಿಂದ ಗುಣಿಸೋದು ಹೇಗೆ?” ಅಂದ. ನನ್ನಲ್ಲಿ ಉತ್ತರ ಇರಲಿಲ್ಲ. ಅಕ್ಷರ ಅನ್ನೋದು ವಸ್ತುವಿನ ಹೆಸರಲ್ಲ, ಸಂಖ್ಯೆ. ಸುಲಭ ಮಾಡಲು ಹೋಗಿ ಆ ತಿರುಳನ್ನೇ ನಾನು ಕತ್ತರಿಸಿ ಹಾಕಿದ್ದೆ.

12ನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ ತಾವತ್’ ಅನ್ನುತ್ತಾರೆ. ಎಷ್ಟೋ ಅಷ್ಟು ಅಂತ. ಚಿಕ್ಕದಾಗಿ ‘ಯಾ’. ಎರಡನೆಯದು ಬೇಕಾದರೆ ಕಾಲಕ, ಮೂರನೆಯದು ನೀಲಕ, ಹೀಗೆ ಬಣ್ಣಗಳ ಹೆಸರು. ‘ಎಷ್ಟೋ ಅಷ್ಟು’ ಅನ್ನೋ ಮಾತಿನಲ್ಲಿ ಹಣ್ಣಿಗೆ ಜಾಗವೇ ಇಲ್ಲ. ಅದಕ್ಕೇ ಬೋರ್ಡಿನ ಮೇಲೆ ‘ಯಾ’ ಬರೆದೆ.

ಈಗ ಅಳತೆಯ ವಿಷಯ. ನಮ್ಮ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯ ಎರಡನೇ ಪತ್ರಿಕೆಯಲ್ಲಿ 150 ಬಹುಆಯ್ಕೆ ಪ್ರಶ್ನೆಗಳು. ಗಣಿತ, ವಿಜ್ಞಾನ ಎರಡೂ ಸೇರಿ 60. ಲಕ್ಷಗಟ್ಟಲೆ ಜನ ಬರೆಯುವಾಗ ಬಹುಆಯ್ಕೆ ಬಿಟ್ಟು ಬೇರೆ ದಾರಿ ಕಷ್ಟ, ಒಪ್ಪುತ್ತೇನೆ. ಬಹುಆಯ್ಕೆಯಲ್ಲೂ ಒಳ್ಳೆಯ ಪ್ರಶ್ನೆ ಮಾಡಬಹುದು. ನಾಲ್ಕು ಮಕ್ಕಳ ನಾಲ್ಕು ವಿಧಾನ ಕೊಟ್ಟು, ಯಾವುದು ಎಲ್ಲ ಸಂಖ್ಯೆಗಳಿಗೂ ನಡೆಯುತ್ತದೆ ಅಂತ ಕೇಳಬಹುದು. ಆದರೆ ವಿವರಣೆಯನ್ನು ಅಳೆಯಬೇಕಾದರೆ ಬರೆಸಲೇಬೇಕು. ಜರ್ಮನಿಯ ಕೊಆಕ್ಟಿವ್ ಅಧ್ಯಯನದಲ್ಲಿ ಒಂದು ಪ್ರಶ್ನೆ ಇತ್ತು. −1ನ್ನು −1ರಿಂದ ಗುಣಿಸಿದರೆ 1 ಯಾಕೆ ಬರುತ್ತದೆ ಅಂತ ಒಂದು ಮಗುವಿಗೆ ತಿಳಿಯುತ್ತಿಲ್ಲ, ನಿಮಗೆ ಸಾಧ್ಯವಾದಷ್ಟು ರೀತಿಯಲ್ಲಿ ವಿವರಿಸಿ ಅಂತ. ಒಂದೇ ವಿವರಣೆ ಇರುವ ಶಿಕ್ಷಕರಿಗೆ, ಅದು ಮಗುವಿಗೆ ಹತ್ತದಿದ್ದರೆ, ಅದನ್ನೇ ಜೋರಾಗಿ ಹೇಳುವುದು ಬಿಟ್ಟು ಬೇರೆ ಉಪಾಯ ಉಳಿಯುವುದಿಲ್ಲ. 2010ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಮಕ್ಕಳ ಒಂದು ವರ್ಷದ ಪ್ರಗತಿಗೆ ಶಿಕ್ಷಕರ ಬರೀ ಗಣಿತಜ್ಞಾನಕ್ಕಿಂತ ಈ ಬಗೆಯ ಜ್ಞಾನದ ನಂಟೇ ಜಾಸ್ತಿ ಇತ್ತು.

ಒಂದು ಆತಂಕವನ್ನೂ ಹೇಳಿಬಿಡುತ್ತೇನೆ. ಇಂಥ ಪತ್ರಿಕೆ ಶಿಕ್ಷಕರ ಪಟ್ಟಿ ಮಾಡಲು, ಬಡ್ತಿ ತಡೆಯಲು ಬಳಕೆಯಾದರೆ ಅಲ್ಲಿಗೆ ಮುಗಿಯಿತು. ಮರುವರ್ಷವೇ ಗೈಡ್ ಬರುತ್ತದೆ. ‘ಮಗುವಿನ ತಪ್ಪಿಗೆ ಮಾದರಿ ಉತ್ತರಗಳು’ ಅಂತ ಬಾಯಿಪಾಠ ಶುರುವಾಗುತ್ತದೆ. ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡರೆ ನಷ್ಟ ಅನ್ನುವ ಕಡೆ ಯಾರೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ.

ಅದಕ್ಕೇ ನಿಮ್ಮ ಕೈಗೆ ಈಗ ಕೊಟ್ಟಿರುವ ಹಾಳೆಯಲ್ಲಿ ಹೆಸರು, ಶಾಲೆ ಬರೆಯುವ ಜಾಗವಿಲ್ಲ. ಅದೇ ಹುಡುಗಿಯ ಉತ್ತರ ಇದೆ, ಕೆಳಗೆ ಅರ್ಧ ಪುಟ ಖಾಲಿ ಇದೆ. ಅವಳು ನಿಮ್ಮ ಮೇಜಿನ ಹತ್ತಿರ ಬಂದು “ಸರ್, ಮಿಸ್, ನಂದು ಯಾಕೆ ತಪ್ಪು? ತಾಳೆ ಆಗ್ತಿದೆಯಲ್ಲ” ಅನ್ನುತ್ತಾಳೆ. ನೀವು ಅವಳಿಗೆ ಏನು ಹೇಳುತ್ತೀರೋ ಅದನ್ನೇ ಬರೆಯಿರಿ. ಹದಿನೈದು ನಿಮಿಷ ಸಮಯ ಇದೆ. ಚಹಾ ಆದ ಮೇಲೆ ಹಾಳೆಗಳನ್ನು ಕಲೆಸಿ ಒಟ್ಟಿಗೆ ಓದೋಣ. ನನ್ನದೂ ಒಂದು ಹಾಳೆ ಅದರಲ್ಲಿ ಇರುತ್ತದೆ.