ವಲಿಯ ಸಹಿ

ಕೇಳುಗರಿಗೆ ನಮಸ್ಕಾರ.

ಸೌದಿ ಅರೇಬಿಯಾದ ಹೆಣ್ಣುಮಕ್ಕಳ ವಿಷಯ ಬಂದಾಗಲೆಲ್ಲ ನಮ್ಮ ಮಾತು ಮೊದಲು ಹೋಗುವುದು ಅವರು ತೊಡುವ ಕಪ್ಪು ಅಬಾಯಾದ ಕಡೆಗೆ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಇದು ಸಹಜ. ಆದರೆ ಆ ನಾಡಿನಲ್ಲಿ ಹೆಣ್ಣಾಗಿ ಬೆಳೆಯುವವಳ ದಾರಿಯನ್ನು ದಶಕಗಳ ಕಾಲ ನಿರ್ಧರಿಸಿದ್ದು ಒಂದು ಸಹಿ ಎಂದು ನಾನು ತಿಳಿದಿದ್ದೇನೆ. ಅದು ಆಕೆಯ ‘ವಲಿ’ಯ ಸಹಿ, ಅಂದರೆ ಆಕೆಯ ಹೊಣೆ ಹೊತ್ತ ಗಂಡಸಿನ ಸಹಿ. ಮೊದಲು ತಂದೆ, ಮದುವೆಯಾದ ಮೇಲೆ ಗಂಡ, ಅವರಿಬ್ಬರೂ ಇಲ್ಲದಿದ್ದರೆ ಅಣ್ಣ ಅಥವಾ ತಮ್ಮ, ಕೆಲವೊಮ್ಮೆ ತಾನೇ ಹೆತ್ತು ಬೆಳೆಸಿದ ಮಗ. ಪಾಸ್‌ಪೋರ್ಟ್ ಪಡೆಯಲು, ದೇಶದ ಗಡಿ ದಾಟಲು, ಮದುವೆಯಾಗಲು ಈ ಸಹಿ ಬೇಕೇ ಬೇಕಿತ್ತು. ಕಾಲೇಜಿಗೆ ಸೇರುವಾಗ, ಕೆಲಸಕ್ಕೆ ಹೋಗುವಾಗ, ಎಷ್ಟೋ ಸಲ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವಾಗಲೂ ಅದನ್ನು ಕೇಳುತ್ತಿದ್ದರು. 2001ರವರೆಗೆ ಹೆಣ್ಣಿಗೆ ಅಲ್ಲಿ ತನ್ನದೇ ಆದ ಗುರುತಿನ ಚೀಟಿಯೂ ಇರಲಿಲ್ಲ; ತಂದೆಯ ಅಥವಾ ಗಂಡನ ಕುಟುಂಬ ಪತ್ರದಲ್ಲಿ ಅವಳದೊಂದು ಸಾಲು ಇರುತ್ತಿತ್ತು, ಅಷ್ಟೆ.

ಇಂಥ ವ್ಯವಸ್ಥೆಯೊಳಗೆ ಹುಡುಗಿಯರ ಶಾಲೆ ಹುಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1950ರ ದಶಕದ ನಡುವಿನಲ್ಲಿ, ಮುಂದೆ ದೊರೆಯಾದ ಫೈಸಲ್ ಅವರ ಪತ್ನಿ ಇಫ್ಫತ್ ಜಿದ್ದಾ ನಗರದಲ್ಲಿ ‘ದಾರ್ ಅಲ್ ಹನಾನ್’ ಎಂಬ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. 1960ರಲ್ಲಿ ಸರ್ಕಾರವೇ ಹುಡುಗಿಯರಿಗಾಗಿ ಶಾಲೆಗಳನ್ನು ಆರಂಭಿಸಿತು. ಧರ್ಮಪಂಡಿತರ ವಿರೋಧವನ್ನು ತಣಿಸಲು ಆ ಶಾಲೆಗಳನ್ನು ಶಿಕ್ಷಣ ಸಚಿವಾಲಯಕ್ಕೆ ಒಪ್ಪಿಸದೆ ಪಂಡಿತರದೇ ಮೇಲ್ವಿಚಾರಣೆಯ ಪ್ರತ್ಯೇಕ ಇಲಾಖೆಗೆ ಒಪ್ಪಿಸಲಾಯಿತು. ಹಾಗಿದ್ದೂ ಬುರೈದಾ ಪಟ್ಟಣದ ಗಂಡಸರು, ನಮ್ಮ ಊರಿಗೆ ಹೆಣ್ಣುಮಕ್ಕಳ ಶಾಲೆ ಬೇಡವೆಂದು ರಾಜಧಾನಿ ರಿಯಾದ್‌ವರೆಗೆ ಹೋಗಿ ಪಟ್ಟು ಹಿಡಿದರು. ಶಾಲೆ ತೆರೆದೇ ತೆರೆಯಿತು. ಮೊದಲ ವರ್ಷ ಅಲ್ಲಿ ಕಲಿತವಳು ಮುಖ್ಯೋಪಾಧ್ಯಾಯಿನಿಯ ಮಗಳೊಬ್ಬಳೇ ಎಂದು ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ಅದೇ ಊರಿನ ತಂದೆಯರು ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಲು ಮುಂದೆ ಬಂದರು. ಓದಿನ ರುಚಿ ಒಮ್ಮೆ ಮನೆಯೊಳಗೆ ಬಂದರೆ ಅದನ್ನು ಹೊರಗಟ್ಟುವುದು ಯಾರಿಂದಲೂ ಆಗದು ಎಂಬ ನನ್ನ ನಂಬಿಕೆಗೆ ಬುರೈದಾದ ಕಥೆಯೇ ದೊಡ್ಡ ಆಸರೆ.

ಆ ಶಾಲೆಗಳು ಹೇಗಿದ್ದವು ಎಂಬುದನ್ನು ಒಂದು ಗಳಿಗೆ ಹತ್ತಿರದಿಂದ ನೋಡೋಣ. ಎತ್ತರದ ಗೋಡೆ, ಬೀದಿಗೆ ಕಾಣದಂತೆ ಮುಚ್ಚಿದ ಕಿಟಕಿಗಳು, ಬೆಳಿಗ್ಗೆ ಮಕ್ಕಳು ಒಳಗೆ ಬಂದ ಮೇಲೆ ಬೀಗ ಬೀಳುವ ಬಾಗಿಲು, ಹೊರಗೆ ಬೀಗದ ಕೈ ಹಿಡಿದು ಕೂತ ವಯಸ್ಸಾದ ಕಾವಲುಗಾರ. ಕಾಲೇಜಿಗೆ ಹೋದರೆ ಇನ್ನೊಂದು ನೋಟ. ಪಾಠ ಹೇಳುವವರು ಗಂಡಸರಾಗಿದ್ದರೆ ಅವರು ಬೇರೊಂದು ಕೋಣೆಯಲ್ಲಿ ಕ್ಯಾಮೆರಾದ ಮುಂದೆ ನಿಂತು ಮಾತನಾಡುತ್ತಿದ್ದರು. ವಿದ್ಯಾರ್ಥಿನಿಯರು ತಮ್ಮ ಕೋಣೆಯ ಟಿವಿಯಲ್ಲಿ ಅವರನ್ನು ನೋಡುತ್ತ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು, ಸಂದೇಹ ಬಂದರೆ ಪಕ್ಕದಲ್ಲಿದ್ದ ಟೆಲಿಫೋನ್ ಎತ್ತಿ ಕೇಳುತ್ತಿದ್ದರು. ಶಿಷ್ಯೆಗೆ ಗುರುವಿನ ಮುಖ ಕಾಣುತ್ತಿತ್ತು, ಗುರುವಿಗೆ ಶಿಷ್ಯೆಯ ದನಿ ಮಾತ್ರ ಕೇಳುತ್ತಿತ್ತು. ಹೀಗೆ ಓದಿಯೇ ಆ ಹೆಣ್ಣುಮಕ್ಕಳು ವೈದ್ಯರಾದರು, ಪ್ರಾಧ್ಯಾಪಕರಾದರು ಎಂಬುದನ್ನು ಗೌರವದಿಂದ ನೆನೆಯಬೇಕು.

ಬೀಗ ಹಾಕಿದ ಬಾಗಿಲಿನ ಬೆಲೆ ಏನೆಂಬುದು 2002ರ ಮಾರ್ಚ್ 11ರಂದು ಮೆಕ್ಕಾ ನಗರದಲ್ಲಿ ತಿಳಿಯಿತು. ಮಕ್ಕಳಿಂದ ಕಿಕ್ಕಿರಿದಿದ್ದ ಒಂದು ಹೆಣ್ಣುಮಕ್ಕಳ ಶಾಲೆಗೆ ಬೆಂಕಿ ಬಿದ್ದು 15 ಹುಡುಗಿಯರು ಸತ್ತರು. ತಲೆಗೆ ಮುಸುಕು ಹಾಕದೆ ಓಡಿಬಂದ ಮಕ್ಕಳನ್ನು ಧಾರ್ಮಿಕ ಪೊಲೀಸರು ತಡೆದರೆಂದು ಸೌದಿಯ ಪತ್ರಿಕೆಗಳೇ ಬರೆದವು. ಸರ್ಕಾರದ ತನಿಖೆ ಅದನ್ನು ಒಪ್ಪಲಿಲ್ಲ. ಆದರೆ ಅದೇ ತಿಂಗಳು ಹೆಣ್ಣುಮಕ್ಕಳ ಶಾಲೆಗಳನ್ನು ಧರ್ಮಪಂಡಿತರ ಇಲಾಖೆಯಿಂದ ಬಿಡಿಸಿ ಶಿಕ್ಷಣ ಸಚಿವಾಲಯಕ್ಕೆ ಸೇರಿಸಲಾಯಿತು. ನಾಲ್ಕು ದಶಕ ಆಗದಿದ್ದ ಕೆಲಸ ಆಗಬೇಕಾದರೆ ಆ ಮಕ್ಕಳು ಸಾಯಬೇಕಾಯಿತು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದೆಲ್ಲವನ್ನೂ ಇಸ್ಲಾಂ ಧರ್ಮದ ತಲೆಗೆ ಕಟ್ಟುವವರಿಗೆ ಸೌದಿಯ ಹೆಂಗಸರೇ ಉತ್ತರ ಕೊಟ್ಟಿದ್ದಾರೆ. ಪ್ರವಾದಿಯವರ ಮೊದಲ ಪತ್ನಿ ಖದೀಜಾ ವ್ಯಾಪಾರ ನಡೆಸಿದವರು, ಅವರ ಇನ್ನೊಬ್ಬ ಪತ್ನಿ ಆಯಿಷಾ ಒಂಟೆಯ ಮೇಲೆ ಕೂತು ರಣರಂಗಕ್ಕೆ ಹೋದವರು. ಹಾಗಿರುವಾಗ ನಾವು ಕಾರು ಓಡಿಸಿದರೆ ತಪ್ಪೇನು ಎಂದು ಅವರು ಕೇಳಿದರು. 1990ರ ನವೆಂಬರ್ 6ರಂದು 47 ಮಂದಿ ಹೆಂಗಸರು ರಿಯಾದ್‌ನ ಬೀದಿಗಳಲ್ಲಿ ಕಾರುಗಳನ್ನು ತಾವೇ ಓಡಿಸಿಕೊಂಡು ಹೋದರು. ಅವರ ಪಾಸ್‌ಪೋರ್ಟ್‌ಗಳನ್ನು ಕಿತ್ತುಕೊಂಡರು, ಕೆಲವರ ನೌಕರಿ ಹೋಯಿತು, ಮಸೀದಿಗಳ ಪ್ರವಚನಗಳಲ್ಲಿ ಅವರನ್ನು ಹೀಗಳೆದರು. 2011ರಲ್ಲಿ ಮನಾಲ್ ಅಲ್ ಶರೀಫ್ ಎಂಬ ತಾಯಿ ಕಾರು ಓಡಿಸುತ್ತಿರುವ ವಿಡಿಯೋ ಹರಿದಾಡಿದ್ದಕ್ಕೆ ಸೆರೆಮನೆ ಕಂಡರು. ಕೊನೆಗೆ 2018ರ ಜೂನ್ 24ರಂದು ಹೆಂಗಸರು ಕಾರು ಓಡಿಸಬಾರದೆಂಬ ನಿಷೇಧ ತೆರವಾಯಿತು. ಆದರೆ ಅದಕ್ಕೆ ಕೆಲವೇ ವಾರಗಳ ಹಿಂದೆ, ಆ ಹಕ್ಕಿಗಾಗಿ ಹೋರಾಡಿದ ಲುಜೈನ್ ಅಲ್ ಹತ್‌ಲೂಲ್ ಮತ್ತು ಅವರ ಜೊತೆಗಾರ್ತಿಯರನ್ನು ಬಂಧಿಸಲಾಗಿತ್ತು. ಲುಜೈನ್ ಹೊರಬಂದದ್ದು 2021ರ ಫೆಬ್ರುವರಿಯಲ್ಲಿ. ಹಕ್ಕು ದೊರೆಯ ಕೊಡುಗೆಯಾಗಿ ಕಾಣಬೇಕು, ಕೇಳಿ ಪಡೆದದ್ದೆಂದು ಯಾರೂ ಅನ್ನಬಾರದು ಎಂಬುದಲ್ಲದೆ ಆ ಬಂಧನಗಳಿಗೆ ಬೇರೆ ಅರ್ಥ ನನಗೆ ತೋಚುವುದಿಲ್ಲ.

ಇಂದು ಅಲ್ಲಿ ಬೆಳೆಯುತ್ತಿರುವ ಹುಡುಗಿಯ ಬಾಲ್ಯ ಅವಳ ತಾಯಿಯ ಬಾಲ್ಯದಂತಿಲ್ಲ ಎಂಬುದು ನಿಜ, ಮತ್ತು ಅದು ಸಂತೋಷದ ಸಂಗತಿ. ಅವಳ ಸರ್ಕಾರಿ ಶಾಲೆಯಲ್ಲಿ ಈಗ ಆಟೋಟದ ತರಗತಿ ಇದೆ, ಕ್ರೀಡಾಂಗಣದಲ್ಲಿ ಕೂತು ಅವಳು ಫುಟ್‌ಬಾಲ್ ನೋಡಬಹುದು. 2019ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬಿದವಳು ಯಾರ ಸಹಿಯೂ ಇಲ್ಲದೆ ಪಾಸ್‌ಪೋರ್ಟ್ ಪಡೆದು ವಿಮಾನ ಹತ್ತಬಹುದು. ಆದರೆ ಅದೇ ಹುಡುಗಿ ತಾನು ಮೆಚ್ಚಿದವನನ್ನು ಮದುವೆಯಾಗಬೇಕಾದರೆ ವಲಿಯೇ ಒಪ್ಪಂದ ಮಾಡಿಸಬೇಕು. 2022ರ ಕುಟುಂಬ ಕಾನೂನು ಈ ಹಳೆಯ ಪದ್ಧತಿಯನ್ನು ಲಿಖಿತ ರೂಪದಲ್ಲಿ ಗಟ್ಟಿಗೊಳಿಸಿತು. ತಂದೆ ಒಪ್ಪದೆ ಹೋದರೆ ಅವಳು ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಹೆತ್ತವನ ಮೇಲೆ ದೂರು ಕೊಟ್ಟವಳೆಂಬ ಮಾತನ್ನು ಹೊತ್ತುಕೊಂಡೇ ಹೋಗಬೇಕು. ಆ ನ್ಯಾಯಾಲಯದಲ್ಲಿ ಅವಳ ಅರ್ಜಿಯನ್ನು ಕೇಳುವವನೂ ಗಂಡಸೇ.

ನಮಸ್ಕಾರ.