ಎರಡು ರಿಜಿಸ್ಟರುಗಳ ನಡುವೆ ಬಿದ್ದವರು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನಲ್ಲಿ ಹಲವು ವರ್ಷ ನಾನು ಲೈಂಗಿಕ ವೃತ್ತಿಯ ಮಹಿಳೆಯರಿಗಾಗಿ ಇದ್ದ ಎಚ್‌ಐವಿ ತಡೆಯುವ ಯೋಜನೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಮಳೆಗಾಲದ ಒಂದು ಮಧ್ಯಾಹ್ನ. ಹೊರಗಿನಿಂದ ಬಂದಿದ್ದ ಮೌಲ್ಯಮಾಪನ ತಂಡ ಮೂರು ದಿನ ನಮ್ಮ ರಿಜಿಸ್ಟರುಗಳನ್ನೆಲ್ಲ ನೋಡಿ, ಕಾಂಡೋಮ್ ದಾಸ್ತಾನು ಎಣಿಸಿ, ಎಲ್ಲ ಸರಿಯಾಗಿದೆಯೆಂದು ಹೇಳಿ ಹೊರಟುಹೋಗಿತ್ತು. ನಾವು ಆ ಮಹಿಳೆಯರು ಬಂದು ಕೂತು ಹೋಗುವ ಡ್ರಾಪ್ ಇನ್ ಸೆಂಟರಿನಲ್ಲಿ ಚಾಪೆ ಸುತ್ತಿಡುತ್ತಿದ್ದೆವು. ಒಬ್ಬ ಮಹಿಳೆ ಮಾತ್ರ ಹೋಗದೆ ಉಳಿದಿದ್ದರು. ಉಳಿದವರೆಲ್ಲ ಮೆಟ್ಟಿಲಿಳಿದ ಮೇಲೆ ಹತ್ತಿರ ಬಂದು ಕೇಳಿದರು: "ಮೇಡಂ, ಅವರು ಕಾಂಡೋಮಿನದ್ದು ಎಲ್ಲ ಕೇಳಿದ್ರು. ಇಂಜೆಕ್ಷನಿನದ್ದು ಎಂತ ಸಹ ಕೇಳ್ಲಿಲ್ಲ. ನಾನು ಹೇಳಿದ್ರೆ ಬರೀಲಿಕ್ಕೆ ಅದರಲ್ಲಿ ಜಾಗ ಉಂಟಾ?"

ಜಾಗ ಇರಲಿಲ್ಲ. ಅವರನ್ನು ನಾನು ಎರಡು ವರ್ಷಗಳಿಂದ ಬಲ್ಲೆ ಎಂದುಕೊಂಡಿದ್ದೆ. ಪ್ರತಿ ತಿಂಗಳು ಅವರ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ಅವರು ಸೂಜಿಯಿಂದ ಮಾದಕ ವಸ್ತು ತೆಗೆದುಕೊಳ್ಳುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ, ಅವರ ತೋಳನ್ನು ಒಮ್ಮೆಯೂ ನೋಡಿರಲಿಲ್ಲ. ಆ ತಪ್ಪು ನನ್ನದು. ಈ ಎರಡೂ ಅಪಾಯ ಒಟ್ಟಿಗೆ ಇರುವ ಮಹಿಳೆಯರಿಗಾಗಿ ಮಾಡುವ ಕೆಲಸವನ್ನು ಅಳೆಯುವುದು ಹೇಗೆ ಎಂಬ ಇವತ್ತಿನ ಮಾತು ಅದರಿಂದಲೇ ಹುಟ್ಟಿದ್ದು.

ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದ ಮಾದರಿಗಳಲ್ಲಿ. ಪತ್ತೆ ಮಾಡಿದವರು ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ. ಆಮೇಲೆ ರಾಷ್ಟ್ರೀಯ ಕಾರ್ಯಕ್ರಮ ಬಂತು. ಸೋಂಕಿನ ಅಪಾಯ ಹೆಚ್ಚಿರುವ ಗುಂಪುಗಳನ್ನು ಗುರುತಿಸಿ, ಒಂದೊಂದು ಗುಂಪಿಗೆ ಒಂದೊಂದು ಯೋಜನೆ ಮಾಡಿದರು. ಲೈಂಗಿಕ ವೃತ್ತಿಯ ಮಹಿಳೆಯರಿಗೆ ಒಂದು, ಸೂಜಿಯಿಂದ ಮಾದಕ ವಸ್ತು ತೆಗೆದುಕೊಳ್ಳುವವರಿಗೆ ಇನ್ನೊಂದು. ಮೊದಲಿನದರಲ್ಲಿ ಕಾಂಡೋಮ್, ಗುಪ್ತರೋಗಗಳ ತಪಾಸಣೆ, ಅವರ ನಡುವಿನಿಂದಲೇ ಬಂದು ತಿಳಿಹೇಳುವ ಪಿಯರ್ ಎಜುಕೇಟರ್. ಎರಡನೆಯದರಲ್ಲಿ ಹೊಸ ಸೂಜಿ, ಸಿರಿಂಜ್, ಅಫೀಮಿನ ಜಾತಿಯ ಮಾದಕಕ್ಕೆ ಬದಲಾಗಿ ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಆರು ರಾಜ್ಯಗಳಲ್ಲಿ ಶುರುವಾದ 'ಆವಾಹನ್' ಯೋಜನೆಯ ನಕ್ಷೆಯಲ್ಲೂ ಇದೇ ವಿಂಗಡಣೆ: ಕರ್ನಾಟಕದಲ್ಲಿ ಒತ್ತು ಲೈಂಗಿಕ ಸಂಪರ್ಕದ ಮೇಲೆ, ಮಣಿಪುರ ಮತ್ತು ನಾಗಾಲ್ಯಾಂಡಿನಲ್ಲಿ ಸೂಜಿಯ ಮೇಲೆ. ಆ ಕಾಲಕ್ಕೆ ಅದು ಸರಿಯೇ ಇತ್ತು. ಆದರೆ ನಕ್ಷೆಯ ಜೊತೆಗೆ ಫಾರಮ್ಮುಗಳೂ ಹಾಗೇ ಬಂದವು. ನಮ್ಮ ಫಾರಮ್ಮಿನಲ್ಲಿ ಸೂಜಿಗೆ ಕಾಲಮ್ಮೇ ಇರಲಿಲ್ಲ. ಸೂಜಿಯ ಫಾರಮ್ಮು ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಸೋಂಕಿನ ಮೇಲೆ ಕಣ್ಣಿಡುವ 2021ರ ರಾಷ್ಟ್ರೀಯ ಕಾವಲು ಸಮೀಕ್ಷೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಎಚ್‌ಐವಿ ಇದ್ದವರು ಶೇಕಡಾ 1.85. ಸೂಜಿ ಬಳಸುವವರಲ್ಲಿ ಶೇಕಡಾ 9.03. ದೇಶದ ವಯಸ್ಕರನ್ನೆಲ್ಲ ತೆಗೆದುಕೊಂಡರೆ ಆ ವರ್ಷದ ಅಂದಾಜು ಶೇಕಡಾ 0.21. ಈಗ ಹೇಳಿ, ಅವತ್ತು ಚಾಪೆಯ ಪಕ್ಕ ನಿಂತಿದ್ದ ಆ ಮಹಿಳೆಯನ್ನು ಯಾವ ಅಂಕಿಯ ಕೆಳಗೆ ಬರೆಯುವುದು?

ಎರಡು ಅಪಾಯಗಳು ಪಕ್ಕಪಕ್ಕದಲ್ಲಿ ಸುಮ್ಮನೆ ಕೂತಿರುವುದಿಲ್ಲ, ಒಂದು ಇನ್ನೊಂದನ್ನು ಬೆಳೆಸುತ್ತದೆ. ನಶೆ ಇಳಿದು ಮೈಕೈ ಮುರಿದ ಹಾಗೆ ನೋವು, ಬೆವರು, ವಾಂತಿ ಶುರುವಾದ ಹೊತ್ತಿನಲ್ಲಿ ಕಾಂಡೋಮ್ ಬೇಡವೆನ್ನುವ ಗಿರಾಕಿಯ ಜೊತೆ ಹಟ ಹಿಡಿಯಲು ಯಾರಿಗೆ ಆಗುತ್ತದೆ? ಇನ್ನು ಸೂಜಿಯದ್ದು. ಎಷ್ಟೋ ಕಡೆ ಹೆಂಗಸಿಗೆ ಸೂಜಿ ಹಾಕುವುದು ಜೊತೆಗಿರುವ ಗಂಡಸು. ಅವನು ಮೊದಲು ಹಾಕಿಕೊಳ್ಳುತ್ತಾನೆ, ಅದೇ ಸೂಜಿ ಆಮೇಲೆ ಇವರಿಗೆ. ಯೋಜನೆಯಿಂದ ಸೂಜಿ ತರುವವನೂ ಅವನೇ ಆದ್ದರಿಂದ ರಿಜಿಸ್ಟರಿನಲ್ಲಿ ಇರುವುದು ಅವನ ಹೆಸರು. ಇವರು ಪುಸ್ತಕದಲ್ಲೇ ಇಲ್ಲ.

ಹಾಗಾದರೆ ಇಂಥವರಿಗಾಗಿ ಮಾಡುವ ಕೆಲಸ ಫಲ ಕೊಟ್ಟಿದೆಯೇ ಎಂದು ಅಳೆಯುವುದು ಹೇಗೆ? ನಮ್ಮ ಕಡೆ ಬೀಡಿ ಕಟ್ಟುವ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ ಕೊಡುತ್ತಾರೆ, ಹೊಗೆಸೊಪ್ಪು ತೂಗಿ ಕೊಡುತ್ತಾರೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ, ಕಟ್ಟಿ ತಂದ ಬೀಡಿಯನ್ನು ಎಣಿಸಿ ನೋಡಿದ ಮೇಲೆಯೇ ಪುಸ್ತಕಕ್ಕೆ ಬರೆಯುವುದು. ನಮ್ಮ ಯೋಜನೆಗಳಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ಎಲೆ ಕೊಟ್ಟ ಲೆಕ್ಕ. ಇಷ್ಟು ಕಾಂಡೋಮ್, ಇಷ್ಟು ಸೂಜಿ, ಇಷ್ಟು ಭೇಟಿ.

ಆ ಲೆಕ್ಕವೂ ಸುಲಭವಲ್ಲ. ಸೂಜಿ ಬಳಸುವ ಒಬ್ಬರಿಗೆ ವರ್ಷಕ್ಕೆ 200 ಸೂಜಿಗಿಂತ ಹೆಚ್ಚು ಸಿಕ್ಕರೆ ಅದನ್ನು ಒಳ್ಳೆಯ ವ್ಯಾಪ್ತಿ ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಪರಿಗಣಿಸಿದ್ದವು. ದಿನಕ್ಕೆ ಮೂರು ಸಲ ಹಾಕಿಕೊಳ್ಳುವವರಿಗೆ ಬೇಕಾಗುವುದು ವರ್ಷಕ್ಕೆ 1,095. ಅದೂ ಅಲ್ಲದೆ ಆ ಸರಾಸರಿಯನ್ನು ಹೆಸರು ಬರೆಸಿದವರ ಸಂಖ್ಯೆಯಿಂದ ಮಾತ್ರ ಭಾಗಿಸಿ ತೆಗೆದರೆ, ಹೆಸರು ಬರೆಸದ ಹೆಂಗಸರು ಎಷ್ಟು ಹೆಚ್ಚಿದ್ದರೂ ಸರಾಸರಿ ಚಂದವಾಗಿಯೇ ಕಾಣುತ್ತದೆ.

ಪ್ರಶ್ನೆ ಕೇಳುವ ಬಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಮ್ಮೆ ನಮಗೆ ಬಂದ ಪ್ರಶ್ನಾವಳಿಯಲ್ಲಿ "ಚುಚ್ಚುಮದ್ದು ಪಡೆದಿದ್ದೀರಾ" ಎಂದಿತ್ತು. ಹೆಚ್ಚಿನವರು ಹೌದು ಎಂದರು. ಜ್ವರಕ್ಕೆ ಡಾಕ್ಟರು ಕೊಟ್ಟದ್ದು, ಮಗುವಿಗೆ ಹಾಕಿಸಿದ್ದು! ತುಳು, ಬ್ಯಾರಿ ಮಾತಾಡುವ ಬಾಯಿಗೆ ಪುಸ್ತಕದ ಕನ್ನಡದ ಪ್ರಶ್ನೆ ಕೊಟ್ಟರೆ ಉತ್ತರ ಬರುತ್ತದೆ, ನಮಗೆ ಬೇಕಾದ ಉತ್ತರ ಬರುವುದಿಲ್ಲ. ಇನ್ನೊಂದು, ಕೊನೆಯ ಗಿರಾಕಿಯ ಜೊತೆ ಕಾಂಡೋಮ್ ಬಳಸಿದಿರಾ ಎಂದು ಎಲ್ಲರೂ ಕೇಳುತ್ತಾರೆ. ಜೊತೆಗೆ ಬಾಳುವವನ ವಿಷಯ ಕೇಳುವುದಿಲ್ಲ. ಬಳಕೆ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಸೂಜಿ ಹಂಚಿಕೊಂಡಿರಾ ಎಂದು ಕೇಳಿದರೂ ಸಾಲದು. ಮಾದಕ ಕಲಸುವ ಒಂದೇ ಚಮಚ, ಸೋಸುವ ಒಂದೇ ಹತ್ತಿ, ತೊಳೆದ ಒಂದೇ ನೀರು, ಇವುಗಳಿಂದಲೂ ಸೋಂಕು ದಾಟಬಹುದು, ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಅಂತೂ ಇನ್ನೂ ಸುಲಭವಾಗಿ.

ಕರ್ನಾಟಕದ ಯೋಜನೆಗಳಲ್ಲಿ ಬಳಸಿದ ಒಂದು ಕ್ರಮ ನನಗೆ ಬಹಳ ಮೆಚ್ಚುಗೆಯದ್ದು. ಅದಕ್ಕೆ ಪೋಲಿಂಗ್ ಬೂತ್ ಸಮೀಕ್ಷೆ ಎನ್ನುತ್ತಾರೆ. ಹತ್ತು ಹನ್ನೆರಡು ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಓಟು ಹಾಕುವಲ್ಲಿ ಇರುವ ಹಾಗೆ ಮರೆ ಕಟ್ಟುತ್ತಾರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ. ಉತ್ತರ ಹೌದಾದರೆ ಚೀಟಿ ಹಸಿರು ಪೆಟ್ಟಿಗೆಗೆ, ಇಲ್ಲವಾದರೆ ಕೆಂಪಿಗೆ. ಹೆಸರಿಲ್ಲ, ಗುರುತಿಲ್ಲ. ನಮ್ಮೂರಲ್ಲಿ ಹೆಸರು ಹೇಳಿದ ಕೂಡಲೇ ಮುಂದಿನ ಪ್ರಶ್ನೆ "ಯಾವ ಮನೆಯವರು" ಎಂದೇ ಅಲ್ಲವೇ? ಅಂಥ ಊರಿನಲ್ಲಿ ಈ ಮರೆ ದೊಡ್ಡ ಉಪಕಾರ. ಎದುರು ಕೂತು ಕೇಳಿದಾಗ ಬಾರದ ಸತ್ಯ ಪೆಟ್ಟಿಗೆಯಲ್ಲಿ ಬರುತ್ತದೆ.

ಆದರೆ ಇದಕ್ಕೂ ಒಂದು ಮಿತಿ ಉಂಟು, ಅದು ತಟ್ಟುವುದು ಇದೇ ಮಹಿಳೆಯರಿಗೆ. ಪ್ರತಿ ಪ್ರಶ್ನೆಯ ಚೀಟಿಯನ್ನು ಬೇರೆ ಬೇರೆ ಎಣಿಸುತ್ತಾರೆ. ಹನ್ನೆರಡು ಮಂದಿಯಲ್ಲಿ ಮೂವರು ಸೂಜಿ ಹಾಕಿಕೊಳ್ಳುತ್ತೇವೆ ಎಂದರು, ನಾಲ್ವರು ಕಾಂಡೋಮ್ ಇಲ್ಲದೆ ಹೋಗಿದ್ದೇವೆ ಎಂದರು ಎಂದುಕೊಳ್ಳಿ. ಆ ಮೂವರು ಈ ನಾಲ್ವರೊಳಗೆ ಇದ್ದಾರೆಯೇ? ಗೊತ್ತಾಗುವುದಿಲ್ಲ. ಅದಕ್ಕೆ ಎರಡನ್ನೂ ಸೇರಿಸಿದ ಒಂದೇ ಪ್ರಶ್ನೆ ಬೇಕು: ಸೂಜಿ ಹಾಕಿಕೊಂಡ ದಿನ ಕಾಂಡೋಮ್ ಇಲ್ಲದೆ ಯಾರ ಜೊತೆಯಾದರೂ ಹೋಗಿದ್ದೀರಾ? ಈ ಪ್ರಶ್ನೆಯನ್ನು ನನಗೆ ಹೇಳಿಕೊಟ್ಟದ್ದು ಯಾವ ತಜ್ಞರೂ ಅಲ್ಲ. ಜಾಗ ಉಂಟಾ ಎಂದು ಕೇಳಿದ್ದರಲ್ಲ, ಅವರೇ.

ಇಂಥ ಮಹಿಳೆಯರನ್ನೇ ಮುಂದಿಟ್ಟುಕೊಂಡ ಒಂದು ಅಧ್ಯಯನ ಅಮೆರಿಕದ ಗಡಿಗೆ ತಾಗಿದ ಮೆಕ್ಸಿಕೊದ ಎರಡು ಊರುಗಳಲ್ಲಿ, ಟಿಹುವಾನಾ ಮತ್ತು ಸಿಯುದಾದ್ ಹುವಾರೆಸ್‌ನಲ್ಲಿ ನಡೆಯಿತು. ಲೈಂಗಿಕ ವೃತ್ತಿಯಲ್ಲಿದ್ದು ಸೂಜಿಯನ್ನೂ ಬಳಸುವ ಐನೂರಕ್ಕೂ ಹೆಚ್ಚು ಮಹಿಳೆಯರನ್ನು ಗುಂಪು ಮಾಡಿ, ಕೆಲವರಿಗೆ ಉಪನ್ಯಾಸದಂತೆ ಮಾಹಿತಿ ಕೊಟ್ಟರು, ಕೆಲವರ ಜೊತೆ ಕೂತು ಮಾತಾಡಿ ಅಭ್ಯಾಸ ಮಾಡಿಸಿದರು. ಸುರಕ್ಷಿತ ಸಂಪರ್ಕದ ವಿಷಯದಲ್ಲಿ, ಬರೀ ಉಪನ್ಯಾಸ ಕೇಳಿದವರಿಗಿಂತ ಕೂತು ಮಾತಾಡಿದವರಲ್ಲಿ ಎಚ್‌ಐವಿ ಮತ್ತು ಗುಪ್ತರೋಗಗಳ ಹೊಸ ಸೋಂಕುಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಸೂಜಿಯ ವಿಷಯದಲ್ಲಿ ಆದದ್ದು ಬೇರೆ. ಟಿಹುವಾನಾದಲ್ಲಿ ಅದೇ ಸಮಯಕ್ಕೆ ಸೂಜಿ ಸಿಗುವುದು ಸುಲಭವಾಗಿತ್ತು, ಹಂಚಿಕೊಳ್ಳುವುದು ಎರಡೂ ಗುಂಪಿನಲ್ಲಿ ಇಳಿಯಿತು. ಪಾಠ ಹೇಗೆ ಮಾಡಿದರು ಎಂಬುದರಿಂದ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈಗೆ ಸೂಜಿ ಸಿಗದ ಊರಿನಲ್ಲಿ ಬುದ್ಧಿವಾದದ ಗುಣಮಟ್ಟವನ್ನಷ್ಟೇ ಅಳೆಯುತ್ತ ಕೂರುವವರು ಇದನ್ನು ನೆನಪಿಡಬೇಕು.

ಬುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆಗೆ ಹೆಸರು ಬರೆಸಿದವರು ಎಷ್ಟು ಎಂದು ಕೇಳುವ ಮೊದಲು ಕ್ಲಿನಿಕ್ಕಿನ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿ. ಮಾತ್ರೆಯನ್ನು ದಿನಾ ಹೋಗಿ ಅಲ್ಲಿಯೇ ತೆಗೆದುಕೊಳ್ಳಬೇಕೆಂದರೆ, ರಾತ್ರಿಯಿಡೀ ಎಚ್ಚರವಿದ್ದು ಬೆಳಿಗ್ಗೆ ಮಗುವನ್ನು ಶಾಲೆಗೆ ಕಳಿಸುವ ತಾಯಿ ಹೇಗೆ ಹೋಗಬೇಕು? ವರ್ಷದ ಕೊನೆಗೆ ಸಂದರ್ಶನಕ್ಕೆ ಸಿಕ್ಕವರ ಉತ್ತರ ಮಾತ್ರ ಬರೆದುಕೊಂಡರೆ, ಜೈಲಿಗೆ ಹೋದವರು, ಗೋವಾಕ್ಕೋ ಮುಂಬಯಿಗೋ ರೈಲು ಹತ್ತಿದವರು, ತೀರಿಹೋದವರು ಯಾರ ಲೆಕ್ಕಕ್ಕೆ?

ಕಾನೂನಿನ ಭಯ ಹಲವರಿಗೆ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಸೋಂಕು ತಡೆಯಲು ಕಾಂಡೋಮ್ ಕೊಡುವುದು, ನೋಂದಾಯಿತ ಯೋಜನೆಯಡಿ ಹೊಸ ಸೂಜಿ ಕೊಡುವುದು ಅಪರಾಧವಲ್ಲ ಎಂದು ಅದರ 22ನೇ ಕಲಮು ಉದಾಹರಣೆ ಸಮೇತ ಹೇಳುತ್ತದೆ. ಕಾಯ್ದೆಯಲ್ಲಿ ಆ ಎರಡು ಉದಾಹರಣೆಗಳು ಒಂದೇ ಕಲಮಿನಡಿ ಇವೆ. ನಮ್ಮ ಕಚೇರಿಗಳಲ್ಲಿ ಅವು ಎರಡು ಬೇರೆ ಕಪಾಟುಗಳಲ್ಲಿದ್ದವು. ಲೈಂಗಿಕ ವೃತ್ತಿಯವರನ್ನು ಘನತೆಯಿಂದ ನಡೆಸಿಕೊಳ್ಳಬೇಕು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪೊಲೀಸರಿಗೂ ಹೇಳಿದೆ.

ಆಮೇಲೆ ನಾವು ಐದು ಜನ ಮಹಿಳೆಯರ ಜೊತೆ ಆ ಫಾರಮ್ಮನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಒಂದೊಂದು ಸಾಲಿಗೂ ತುಳುವಿನಲ್ಲಿ ಜಗಳ. "ಹಂಚಿಕೊಂಡಿರಾ" ಅಂತ ಬರೆದರೆ ಯಾರು ಹೌದು ಹೇಳ್ತಾರೆ ಮೇಡಂ, "ಮೊದಲು ಯಾರು ಹಾಕಿದ್ದು" ಅಂತ ಕೇಳಿ, ಎಂದರು ಒಬ್ಬರು. ಆ ತಿದ್ದುಪಡಿಯಿಂದ ನಮಗೆ ಗೊತ್ತಾದಷ್ಟು ಹಿಂದಿನ ಮೂರು ವರದಿಗಳಿಂದ ಗೊತ್ತಾಗಿರಲಿಲ್ಲ. ಮೌಲ್ಯಮಾಪನ ತಂಡದಲ್ಲಿ ಈ ಬದುಕು ಬದುಕಿದ ಒಬ್ಬರಾದರೂ ಇರಲೇಬೇಕು, ಅವರ ದುಡಿಮೆಗೆ ಸಂಬಳ ಕೊಟ್ಟು.

ಇದನ್ನು ಕೇಳುತ್ತಿರುವವರಲ್ಲಿ ಯಾರಿಗಾದರೂ ತಮ್ಮದೇ ಕಥೆ ಎನ್ನಿಸಿದರೆ, 1097 ಎಂಬ ಉಚಿತ ಸಹಾಯವಾಣಿ ಇದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಅಲ್ಲಿ ಸಮಾಲೋಚಕರು ಸೂಜಿಯ ವಿಷಯ ಕೇಳದಿದ್ದರೆ, ನೀವೇ ಹೇಳಿ.

ನಮಸ್ಕಾರ.